ನಿನ್ನ ನಡಿಗೆ ನನ್ನ ಕಾಲಿಗೆ ಬಂತು

ಅಣ್ಣಾ,

ಇಷ್ಟು ಬರೆಯುವುದರೊಳಗೆ ಮೂರು ಸಲ ಎದ್ದೆ. ಎದ್ದಾಗಲೆಲ್ಲ ಗೋಡೆ ಹಿಡಿಯಬೇಕು ಈಗ. ಹೌದು, ನಿನ್ನ ಹಾಗೆಯೇ.

ಕಳೆದ ತಿಂಗಳು ಐರೋಲಿಯಲ್ಲಿ ಟ್ರೇನಿನಿಂದ ಇಳಿದೆ. ಪ್ಲಾಟ್‌ಫಾರ್ಮ್ ಪಕ್ಕಕ್ಕೆ ಸರಿದಂತಾಯಿತು. ಕಾಲು ಅಗಲಿಸಿ, ತೊಡೆ ಬಿಗಿ ಹಿಡಿದು ನಾಲ್ಕು ಹೆಜ್ಜೆ ಇಟ್ಟೆ. ಹಿಂದಿನಿಂದ ಒಬ್ಬಳು ಮರಾಠಿಯಲ್ಲಿ, ಕುಡಿದಿದ್ದಾಳೆ, ಎಂದಳು. ಮೈಯೆಲ್ಲ ಉರಿಯಿತು. ಆಮೇಲೆ ನೀನು ನೆನಪಾದೆ.

ಡೊಂಬಿವಲಿಯ ಹೋಟೆಲಿನಲ್ಲಿ ಎಡಗೈ ಮೇಲೆ ನಾಲ್ಕು ದೋಸೆ ಪ್ಲೇಟು ಸಾಲಾಗಿ ತರುತ್ತಿದ್ದವನು ನೀನು. ಒಂದು ಬೆಳಿಗ್ಗೆ ಗಿರಾಕಿಯ ಮೈಮೇಲೆ ಸಾಂಬಾರು ಚೆಲ್ಲಿದೆ. ಸೇಠರು ನಿನ್ನನ್ನು ಒಳಗೆ ಕಾಯಿ ತುರಿಯಲು ಕೂರಿಸಿದರು. "ನೆಲ ತಿರುಗ್ತದೆ ಮಾರಾಯ್ತಿ" ಎಂದಿದ್ದೆ ನೀನು. ಕುಡಿದವನಿಗೆ ತಿರುಗದೆ ಇನ್ನೇನು ಎಂದು ಮೊದಲು ಹೇಳಿದವಳು ನಾನೇ.

ಉಡುಪಿ ಕಡೆಯ ನಮ್ಮೂರಿಗೆ ಕರೆದೊಯ್ದು, ಮನೆಯ ದೈವದ ಎದುರು ನಿಲ್ಲಿಸಿ ಆಣೆ ಹಾಕಿಸಿದೆವಲ್ಲ... ಯಾವತ್ತೂ ಮುಟ್ಟದ್ದನ್ನು ಬಿಡುತ್ತೇನೆಂದು ಯಾಕೆ ಹೇಳಿದೆ? ನಮ್ಮ ಬಾಯಿ ಮುಚ್ಚಿಸಲಿಕ್ಕಾ? ಮುಂಬೈಗೆ ಮರಳಿ ಬಂದ ಮೇಲೂ ನೀನು ತೂರಾಡಿದೆ. ಆಣೆ ಮುರಿದವನೆಂದು ಅಮ್ಮ ನಿನ್ನೊಡನೆ ಮಾತು ಬಿಟ್ಟಳು. ಸ್ಟೇಷನ್ನಿನ ಮೆಟ್ಟಿಲಿನಲ್ಲಿ ಬಿದ್ದು ನೀನು ಪ್ರಾಣ ಬಿಟ್ಟಾಗಲೂ ಅವಳು ಅತ್ತದ್ದಕ್ಕಿಂತ ಬೈದದ್ದೇ ಹೆಚ್ಚು.

ಡಾಕ್ಟರು ನನ್ನ ಕಣ್ಣು, ಕಿವಿ, ಕಾಲು ಎಲ್ಲ ನೋಡಿ, ಒಳಕಿವಿಯ ತೊಂದರೆ ಎಂದರು. ಕಿವಿ ತಪ್ಪು ಸುದ್ದಿ ಕಳಿಸಿದರೆ, ಬೀಳುವ ಹೆದರಿಕೆಗೆ ಕಾಲಿನ ಸ್ನಾಯುಗಳು ಬಿಗಿದುಕೊಂಡೇ ಇರುತ್ತವಂತೆ, ಬೇಗ ದಣಿಯುತ್ತವಂತೆ. ಹೆದರಿ ನಡೆಯುವುದನ್ನೇ ಬಿಟ್ಟರೆ ಸೊರಗುತ್ತವಂತೆ. ನಿನ್ನ ಮೀನಖಂಡ ಕಡ್ಡಿಯಾಗಿತ್ತು, ಅದೂ ಕುಡಿತದಿಂದಲೇ ಎಂದುಕೊಂಡಿದ್ದೆವು. ನಿನ್ನ ವಿಷಯ ಹೇಳಿದೆ. ನೋಡದೆ ಖಚಿತ ಹೇಳಲಾಗದು, ಆದರೆ ಇದೇ ಇರಬಹುದು ಎಂದರು. ನನಗೆ ದಿನಾ ವ್ಯಾಯಾಮ. ಗೋಡೆಯ ಚುಕ್ಕೆ ನೋಡುತ್ತ ತಲೆ ಆಡಿಸುವುದು, ಒಂದು ಹೆಜ್ಜೆಗೆ ಇನ್ನೊಂದು ತಾಗಿಸಿ ನಡೆಯುವುದು. ಇಷ್ಟು ನಿನಗೂ ಯಾರಾದರೂ ಹೇಳಿಕೊಟ್ಟಿದ್ದರೆ...

ನಿನ್ನೆ ಹೋಗಿ ಅತ್ತಿಗೆಗೆ ಎಲ್ಲ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ದಿನಾ ಮೂಸಿ ನೋಡ್ತಿದ್ದೆ ಮಾರಾಯ್ತಿ. ಒಂದು ದಿನವೂ ವಾಸನೆ ಬರ್ಲಿಲ್ಲ. ಹೇಳಿದ್ರೆ, ಗಂಡನ ಪರ ಅಂತಿದ್ರಿ ನೀವೆಲ್ಲ."

ಅನ್ನುತ್ತಿದ್ದೆವು, ಅಣ್ಣಾ. ಖಂಡಿತ ಅನ್ನುತ್ತಿದ್ದೆವು.

ಶನಿವಾರ ಊರಿಗೆ ಹೊರಟಿದ್ದೇನೆ. ಫೋನಿನಲ್ಲಿ ಹೇಳುವ ಮಾತಲ್ಲ ಇದು. ಅಂಗಳದಲ್ಲಿ ನಾನು ತೂರಾಡಿಕೊಂಡು ಬರುವುದನ್ನು ಅಮ್ಮ ನೋಡಲಿ. ನನ್ನ ಬಾಯಿಯನ್ನೂ ಮೂಸಿ ನೋಡಲಿ. ಆಮೇಲೆ ನಿನ್ನ ಹೆಸರು ಹೇಳುತ್ತೇನೆ.

ನಿನ್ನ ತಂಗಿ