ಕಾಯಿಲೆ: ಇಲ್ಲ

ಬಟವಾಡಿ, ತುಮಕೂರು
14-7-1986

ದೊಡ್ಡಮ್ಮನಿಗೆ ಶ್ರೀಕಂಠನ ನಮಸ್ಕಾರ.

ಪದ್ಮಕ್ಕನ ಬಾಣಂತನಕ್ಕೆ ನೀವು ಲಂಡನ್ನಿಗೆ ಹೊರಡಲು ಇನ್ನು ಹದಿನೈದೇ ದಿನ. ನಿಮ್ಮ ಪ್ರಯಾಣದ ವಿಮೆಯ ಅರ್ಜಿಯಲ್ಲಿ ಕಾಯಿಲೆ 'ಇಲ್ಲ' ಎಂದು ಬರೆದವನು ನಾನು. "ಸಕ್ಕರೆ ಕಾಯಿಲೆ ಇದೆಯಲ್ಲೋ" ಎಂದಿರಿ. ನನ್ನ ಮಾತು ಕೇಳಿ ನೀವು ನಲವತ್ತು ದಿನ ಮಾತ್ರೆ ಬಿಟ್ಟಿದ್ದಿರಿ. ಹಾಗೆ ಬಿಟ್ಟು ಮೆಂತ್ಯದ ನೀರು ಕುಡಿದವರಿಗೆ ಅದು ಇರುವುದಿಲ್ಲ ಎಂದು ಪ್ರಕೃತಿ ಚಿಕಿತ್ಸೆಯ ಪುಸ್ತಿಕೆ ಹಿಡಿದು ಭಾಷಣ ಮಾಡಿದೆ. "ಓದಿದೋನು ನೀನು, ಬರ್ಕೋ" ಎಂದು ನಕ್ಕಿರಿ.

ಭಾನುವಾರ ನಿಮ್ಮ ಕಾಲು ನೋಡಿದೆ. ಚಪ್ಪಲಿ ಕಚ್ಚಿದ ಗಾಯ ತಿಂಗಳಾದರೂ ಮಾಗಿಲ್ಲ. ಸಕ್ಕರೆ ಕಾಯಿಲೆ ಹೋಗಿಲ್ಲ, ನಾನು ಹೇಳಿದ್ದು ತಪ್ಪು.

ಇಂದು ಏಜೆಂಟ್ ಸುಬ್ಬಕೃಷ್ಣ ಅವರನ್ನು ಕೇಳಿದೆ. "ಇರೋ ಕಾಯಿಲೆ ಮುಚ್ಚಿಟ್ರೆ, ಅಲ್ಲಿ ಆಸ್ಪತ್ರೆ ಸೇರಿದ್ರೂ ವಿಮೆ ಕೈ ಹಿಡಿಯಲ್ಲ ಕಣಯ್ಯಾ. ನಿಜ ಬರಿ, ಆಮೇಲೆ ಸರಿಯಾದ ಪಾಲಿಸಿ ನೋಡೋಣ" ಎಂದರು.

ಪತ್ರ ತಲುಪಿದ ದಿನವೇ ಗುಬ್ಬಿಯ ಡಾಕ್ಟರಿಗೆ ಕಾಲು ತೋರಿಸಿ, ಅವರು ಹೇಳಿದಂತೆ ಮಾತ್ರೆ ಶುರು ಮಾಡಿ. ಅವರ ರಿಪೋರ್ಟ್ ಹಿಡಿದು ಶುಕ್ರವಾರ ಬನ್ನಿ. ಬಸ್ ಸ್ಟ್ಯಾಂಡಿನಲ್ಲಿ ಕಾದಿರುತ್ತೇನೆ.

ಹೊಸ ಅರ್ಜಿ ತುಂಬಿದ್ದೇನೆ, ನಿಮ್ಮ ಸಹಿಯಷ್ಟೇ ಬೇಕು. ಔಷಧಿಯ ಸಾಲಿನಲ್ಲಿ 'ನಲವತ್ತು ದಿನ ನಿಲ್ಲಿಸಲಾಗಿತ್ತು' ಎಂದು ಬರೆದಿದ್ದೇನೆ. ನಿಲ್ಲಿಸಿದವರು ಯಾರೆಂದು ಅರ್ಜಿಯಲ್ಲಿ ಕೇಳಿಲ್ಲ. ಆದರೂ ಪಕ್ಕದಲ್ಲಿ ನನ್ನ ಹೆಸರು ಬರೆದಿದ್ದೇನೆ.

ನಿಮ್ಮ
ಶ್ರೀಕಂಠ