ಕೊಳೆ ಎಂದು ಅಳಿಸಿದ್ದು

ಮಾರ್ಚ್ 3, ಬೆಳಿಗ್ಗೆ 9.40
ನೂರನೇ ವಿಡಿಯೊ. ಮೈಕ್ರೋಸ್ಕೋಪಿನ ಕೆಳಗೆ ಕೂದಲೆಳೆಯಷ್ಟು ಸಣ್ಣ ಕಾಲುವೆ, ಒಳಗೆ ತಾವಾಗಿಯೇ ಈಜುವ ಕಣಗಳು. ನೀರು ನಿಂತಿದ್ದರೆ ಒಂದಕ್ಕೊಂದು ತಗುಲಿಕೊಂಡು ಗುಂಪಾಗುತ್ತವೆ. ಪಂಪ್ ಹಾಕಿ ನೀರು ಹರಿಸಿದರೆ ಚದುರುತ್ತವೆ. ಅಕ್ಕನ ಥೀಸಿಸ್ ಇದೇ. ಲ್ಯಾಬಿನ ಸೀನಿಯರ್, ಸ್ವಂತ ಅಕ್ಕ ಅಲ್ಲ — ಬೈಯುವುದರಲ್ಲಿ ಮಾತ್ರ ಸ್ವಂತ. ನನ್ನ ಕೆಲಸ ಶೂಟ್ ಮಾಡುವುದು, ಕೊಳೆ ಸೇರಿಕೊಂಡ ವಿಡಿಯೊ ಡಿಲೀಟ್ ಮಾಡುವುದು, ಉಳಿದದ್ದರಲ್ಲಿ ಗುಂಪು ಎಣಿಸುವುದು.
"ಕಣ್ಣು ಚುರುಕು ಕಣೇ ನಿಂದು" ಅಂದರು ಅಕ್ಕ. ಹಾಸ್ಟೆಲಿನ ಹತ್ತು ವರ್ಷದಲ್ಲಿ ವಾರ್ಡನ್ ಹೊಗಳಿದ್ದು ನಾನು ಹಾಸಿಗೆ ಮಡಿಸುವುದನ್ನು ಮಾತ್ರ.

ಮಾರ್ಚ್ 7
ಗ್ರಾಫ್ ಚೆಂದ ಬಂದಿದೆ. ನೀರು ಸ್ವಲ್ಪ ಹರಿದರೂ ಸಾಕು, ಗುಂಪುಗಳ ಸಂಖ್ಯೆ ಇಳಿಯುತ್ತದೆ. ಅಕ್ಕನ ಗೈಡ್ ಸರ್‌ಗೂ ಖುಷಿ. ಹದಿನೇಳಕ್ಕೆ ಥೀಸಿಸ್ ಸಲ್ಲಿಕೆ. ಆರು ವರ್ಷದ ದುಡಿಮೆ, ಪಾಪ.

ಮಾರ್ಚ್ 14, ಮಧ್ಯಾಹ್ನ 2.15
ನಿಧಾನ ಬರೆಯಬೇಕು.
ಕ್ಯಾಮೆರಾ ಆಫ್ ಮಾಡಲು ಮರೆತು ಊಟಕ್ಕೆ ಹೋಗಿದ್ದೆ. ನಲವತ್ತು ನಿಮಿಷ ಓಡಿದೆ. ಪಂಪ್ ತೀರಾ ಸಣ್ಣಗೆ. ಬಂದು ಫಾಸ್ಟ್ ಮಾಡಿ ನೋಡಿದೆ... ಒಂದು ಕಣ ಗೋಡೆಗೆ ತಾಗಿತು. ಹರಿವಿಗೆ ಎದುರಾಗಿ ತಿರುಗಿ ಅಲ್ಲೇ ನಿಂತಿತು. ಅದರ ಹಿಂದೆ ಇನ್ನೊಂದು. ಕೊನೆಗೆ ಗೋಡೆಗಂಟಿದ ಒಂದು ಕಪ್ಪು ಮುದ್ದೆ. ಇದುವರೆಗೆ ನಾನು ಕೊಳೆ ಎಂದು ತೆಗೆದದ್ದು ಇದನ್ನೇ.
ಕೊಳೆ ಈಜುವುದಿಲ್ಲ.
ನೋಟ್‌ಬುಕ್ ತೆಗೆದು ಎಣಿಸಿದೆ. ಡಿಲೀಟ್ ಆದದ್ದು ನಲವತ್ತೆಂಟು. ಎಲ್ಲವೂ ಸಣ್ಣ ಹರಿವಿನವು. ಅಂದರೆ ಸಣ್ಣ ಹರಿವು ಗುಂಪು ಒಡೆಯುತ್ತಿಲ್ಲ, ಕಟ್ಟುತ್ತಿದೆ... ಚೆಂದದ ಗ್ರಾಫ್ ಬಂದದ್ದು ನನ್ನ ಡಿಲೀಟ್ ಬಟನ್ನಿನಿಂದ.

4.30
ಹೇಳಿಬಿಟ್ಟೆ.
"ಅಕ್ಕಾ, ಆ ಕೊಳೆ... ಕೊಳೆ ಅಲ್ಲ."
"ಮತ್ತೇನು, ಬಂಗಾರನಾ?"
ವಿಡಿಯೊ ತೋರಿಸಿದೆ. ಮೊದಲು ನಕ್ಕರು. ಎರಡನೇ ಸಲ ಕುರ್ಚಿ ಎಳೆದು ಕೂತರು. ಮೂರನೇ ಸಲ ಮೌಸ್ ತಾವೇ ಹಿಡಿದು ನಿಧಾನಕ್ಕೆ ಓಡಿಸಿದರು.
"ಎಷ್ಟು ತೆಗೆದೆ?"
"ನಲವತ್ತೆಂಟು."
"ಕಾಪಿ ಎಲ್ಲಾದ್ರೂ?"
"ಡಿಸ್ಕ್ ತುಂಬಿತ್ತಲ್ಲ ಅಕ್ಕಾ... ಇಟ್ಕೊಂಡಿಲ್ಲ."
ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಫೋನ್ ತೆಗೆದು ಸರ್‌ಗೆ ಅಂದರು, "ಹದಿನೇಳಕ್ಕೆ ಕೊಡಕ್ಕಾಗಲ್ಲ ಸರ್. ನಾಳೆ ಬಂದು ಹೇಳ್ತೀನಿ."

ಮಾರ್ಚ್ 15, ಬೆಳಿಗ್ಗೆ 10.05
ಸರ್ ರೂಮಿನ ಹೊರಗೆ, ಬೆಂಚಿನ ಮೇಲೆ. ಅಕ್ಕ ಒಬ್ಬರೇ ಒಳಗೆ ಹೋಗಿದ್ದಾರೆ. ನನಗೆ "ಇಲ್ಲೇ ಕೂತಿರು, ಬಾಯಿ ಬಿಡ್ಬೇಡ" ಅಂತ. ಬಾಗಿಲು ಪೂರ್ತಿ ಮುಚ್ಚಿಲ್ಲ. ಸರ್ ದನಿ ಏರಿದೆ — ಕೆಲಸ ಬರದವರನ್ನು ಈ ಲ್ಯಾಬಿನಲ್ಲಿ ಇಟ್ಟುಕೊಳ್ಳಲ್ಲ, ಯಾರು ಅಳಿಸಿದ್ದು?
"ನಾನೇ, ಸರ್" ಅಂದರು ಅಕ್ಕ. "ಆ ಮರಿಗೆ ಏನೂ ಗೊತ್ತಿಲ್ಲ."
ಸರ್ ನಂಬಿಬಿಟ್ಟರು ಅನ್ನಿಸುತ್ತೆ, ದನಿ ಇಳಿದಿದೆ. ನಾನು ಇಲ್ಲೇ ಕೂತಿದ್ದರೆ ಅದೇ ನಿಜವಾಗುತ್ತದೆ. ಏಳುತ್ತೇನೆ. ಬಾಗಿಲು ತಟ್ಟಿ, ಅಳಿಸಿದ್ದು ನಾನು ಅಂತ ಹೇಳಿಬಿಡುತ್ತೇನೆ —