ಗೊಬ್ಬರದ ಗುಂಡಿಯಲ್ಲಿ ಬ್ಲೇಡು

ಚೆನ್ನಯ,

ಚಾಳಿನ ಕಸ ಗುಡಿಸುವ ದೇವಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ರೈಲು ಮುಷ್ಕರವಲ್ಲವೇ, ಬಸ್ಸಿನಲ್ಲಿ ಹೋಗಿ ಬರುವಾಗ ತಡವಾಗುತ್ತದೆ.

ನನಗೆ ಸೊಂಟನೋವೆಂದು ಮನೆಯ ಹಿಂದಿನ ಗೊಬ್ಬರದ ಗುಂಡಿ ಮಗುಚಿಕೊಡಲು ಬಂದವಳು ಅವಳು. ಬ್ಲೇಡು ತಾಗಿ ಅಂಗೈ ಸೀಳಿಹೋಯಿತು. ಆ ಗುಂಡಿಗೆ ಕಸ ಹಾಕುವುದು ನಮ್ಮ ಮನೆಯವರು ಮಾತ್ರ. ನಿನ್ನಣ್ಣ ಊರಿಗೆ ಹೋಗಿ ತಿಂಗಳಾಯಿತು. ಇನ್ನು ಗಡ್ಡ ಹೆರೆಯುವವರು ಯಾರು?

ಸಿಪ್ಪೆಗೆ ಬೇರೆ ಡಬ್ಬವೆಂದು ಎಷ್ಟು ಸಲ ಹೇಳಿದ್ದೆ ಮಾರಾಯ! "ಎಲ್ಲ ಕೊನೆಗೆ ಮಣ್ಣೇ ಅಲ್ವಾ ಅತ್ತಿಗೆ" ಎಂದು ನೀನು ನಕ್ಕಿದ್ದೆ. ಬ್ಲೇಡು ಮಣ್ಣಾಗುವುದಿಲ್ಲ. ನೀನು ಹಾಕಿದ ಪ್ಲಾಸ್ಟಿಕ್ ಚೀಲಗಳೂ ಹಾಗೆಯೇ ಇವೆ. ಅವುಗಳಡಿ ನೀರು ನಿಂತು, ಗೊಬ್ಬರವಾಗಬೇಕಾದದ್ದು ಕೊಳೆತು ನಾರುತ್ತಿದೆ.

ಅನ್ನ, ಸಾರು ಮುಚ್ಚಿಟ್ಟಿದ್ದೇನೆ. ಉಂಡ ಮೇಲೆ ಗುಂಡಿಯಲ್ಲಿರುವುದನ್ನೆಲ್ಲ ಸಲಿಕೆಯಿಂದ ಹೊರಗೆ ಹಾಕಿ ಜರಡಿ ಹಿಡಿ. ಬರಿಗೈ ಹಾಕಬೇಡ.

ದೇವಕ್ಕ ಗಾಯವನ್ನು ಸೆರಗಿನಿಂದ ಒತ್ತಿ ಹಿಡಿದುಕೊಂಡೇ ಹೇಳಿದಳು: "ತಮ್ಮಗ ಬೈಬ್ಯಾಡ್ರಿ ಅಕ್ಕಾರ. ನಮ್ಮ ಕೈಗೆ ಇದೆಲ್ಲ ರೂಢಿ ಐತಿ."

ಆ ಮಾತು ಕೇಳಿದ ಮೇಲೆ ನಿನ್ನನ್ನು ಬೈಯದೆ ಹೋಗಲು ನನ್ನಿಂದಾಗಲಿಲ್ಲ.

ನಿನ್ನ ಅತ್ತಿಗೆ,
ಶೀಲಾವತಿ